ವಿಮಾನಕ್ಕೆ ಮುಂಚೆ ಕಿಟಕಿ

ಶಬ್ದ ತಡೆಯುವುದರಲ್ಲಿ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣವನ್ನು ಮೀರಿಸುವುದು ಕಷ್ಟ. 2007ರಲ್ಲಿ ಶಂಕುಸ್ಥಾಪನೆಯಾಯಿತು, ಕೆಲಸ ನಿಂತು ವರ್ಷಗಟ್ಟಲೆ ಹುಲ್ಲು ಬೆಳೆಯಿತು, 2021ರಲ್ಲಿ ಮತ್ತೆ ಯಂತ್ರಗಳು ಬಂದವು. ಇಷ್ಟಾದರೂ ವಿಮಾನದ ಸದ್ದಿಗೆ ಸುತ್ತಲ ಮನೆಗಳಲ್ಲಿ ಒಂದು ಲೋಟವೂ ಅಲುಗಿಲ್ಲ. ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಂದು ಸಲ ತೆರೆಯುತ್ತದೆ.

ದೆಹಲಿಯವರಿಗೂ ಇದು ಗೊತ್ತಿದ್ದಂತಿದೆ. 2018ರಲ್ಲಿ ವಿಮಾನ ನಿಲ್ದಾಣಗಳ ಶಬ್ದಕ್ಕೆ ಮಿತಿ ಹಾಕಿದಾಗ ಗಿಜಿಗುಡುವ ದೊಡ್ಡ ನಿಲ್ದಾಣಗಳಿಗೆ ಹಗಲು 70, ರಾತ್ರಿ 65 ಡೆಸಿಬಲ್, ಉಳಿದವಕ್ಕೆ 65 ಮತ್ತು 60 ಎಂದು ಬರೆದರು. ಜೊತೆಗೆ ‘ಪ್ರಸ್ತಾವಿತ ನಿಲ್ದಾಣಗಳನ್ನು ಬಿಟ್ಟು’ ಎಂದೂ ಸೇರಿಸಿದರು. ಪ್ರಸ್ತಾವಿತ ಎಂಬ ಹುದ್ದೆಯಲ್ಲಿ ನಮ್ಮೂರಿನಷ್ಟು ಸರ್ವಿಸ್ ಆದವರು ಯಾರಿದ್ದಾರೆ? ಪಿಂಚಣಿಗೇ ಅರ್ಜಿ ಹಾಕಬಹುದು.

ಆದ್ದರಿಂದ ಒಂದು ಬೇಡಿಕೆ. ವಿಮಾನ ಬರುವ ಮುಂಚೆಯೇ ಬೂವನಹಳ್ಳಿ ಆಸುಪಾಸಿನ ಮನೆಗಳಿಗೆಲ್ಲ ಸೌಂಡ್‌ಪ್ರೂಫ್ ಕಿಟಕಿ ಹಾಕಿಸಿಬಿಡಿ. ಕೂಸು ಹುಟ್ಟುವ ಮುಂಚೆ ಕುಲಾವಿಯೇ ಎಂದು ನಗಬೇಡಿ. ವಿಮಾನ ಬಂದ ಮೇಲೆ ಹಾಕಿಸಿದರೆ ಕಿಟಕಿಯ ಬಂಡವಾಳ ಮೊದಲನೇ ವಿಮಾನಕ್ಕೇ ಬಯಲಾಗುತ್ತದೆ. ಈಗ ಹಾಕಿಸಿದರೆ ಅಳವಡಿಸಿದ ದಿನ ಮೌನ, ಬಿಲ್ ಪಾಸಾದ ದಿನ ಮೌನ, ಗ್ಯಾರಂಟಿ ಮುಗಿಯುವ ದಿನವೂ ಮೌನ. ಶೇಕಡಾ ನೂರು ಯಶಸ್ಸು.

ಕಿಟಕಿ ಕೆಡುವುದಕ್ಕೂ ಒಂದು ಕ್ರಮವಿದೆ. ನಾಲ್ಕಡಿ ಚೌಕದ ಕಿಟಕಿ ತೆಗೆದುಕೊಳ್ಳಿ, ಅಂದರೆ ಹತ್ತಿರಹತ್ತಿರ 120 ಸೆಂ.ಮೀ. ಗೋಡೆಗೂ ಫ್ರೇಮಿಗೂ ನಡುವೆ ಸುತ್ತಲೂ 3 ಮಿ.ಮೀ. ಸಂದು ಉಳಿಯಿತು ಅನ್ನಿ. ಒಟ್ಟು 144 ಚದರ ಸೆಂ.ಮೀ. ಆಯಿತು, ಕಿಟಕಿಯ ನೂರರಲ್ಲೊಂದು ಪಾಲು. ಅಷ್ಟು ತೆರೆದಿದ್ದರೆ ಉಳಿದ ತೊಂಬತ್ತೊಂಬತ್ತು ಪಾಲಿಗೆ ಸೀಸದ ತಗಡು ಹೊಡೆದರೂ ಶಬ್ದ ಇಳಿಯುವುದು 20 ಡೆಸಿಬಲ್ ಮಾತ್ರ (ಡೆಸಿಬಲ್ ಲೆಕ್ಕದಲ್ಲಿ ಹತ್ತು ಇಳಿದರೆ ಶಬ್ದದ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ). 40 ಇಳಿಸುತ್ತೇನೆಂದು ಬಿಲ್ಲಿನಲ್ಲಿ ಬರೆಸಿಕೊಂಡ ಗಾಜು ಸುಮ್ಮನೆ ನೋಡುತ್ತ ನಿಂತಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರೇ ವಾಸಿ. ಇಲ್ಲಿ ಕೋಟೆ ಬಾಗಿಲಿಗೆ ಬೆಳ್ಳಿ ಕಟ್ಟು ಹಾಕಿಸಿ ದಿಡ್ಡಿಯನ್ನು ಮರೆತೇಬಿಟ್ಟಿರುತ್ತಾರೆ.

ಆ ಸಂದು ಯಾರದ್ದು? ಕಿಟಕಿಯವರು ಗಾರೆಯವರದ್ದು ಅನ್ನುತ್ತಾರೆ, ಗಾರೆಯವರು ಕಿಟಕಿಯವರದ್ದು ಅನ್ನುತ್ತಾರೆ. ಕೊನೆಗೆ ಯಾರೋ ಒಂದು ಕರಣೆ ಸಿಮೆಂಟ್ ಮೆತ್ತಿ ಜಗಳ ಬಗೆಹರಿಸುತ್ತಾರೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಫ್ರೇಮ್ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಜಾತಿ, 1.2 ಮೀಟರ್ ಉದ್ದದ್ದು 30 ಡಿಗ್ರಿ ವ್ಯತ್ಯಾಸಕ್ಕೆ ಎರಡೂವರೆ ಮಿ.ಮೀ. ಆಚೀಚೆ ಆಗುತ್ತದೆ. ಸಿಮೆಂಟಿಗೆ ಆ ಬಾಗುಬಳುಕು ಇಲ್ಲ, ಬಿರುಕು ಬಿಡುತ್ತದೆ. ಸುತ್ತ 5–6 ಮಿ.ಮೀ. ಬಿಟ್ಟು, ಒಳಗೆ ಫೋಮ್ ತುಂಬಿ, ಒಳಗೂ ಹೊರಗೂ ಸಿಲಿಕಾನ್ ಎಳೆಯಬೇಕು. ಹೊರಗೆ ಎಳೆಯುವುದಕ್ಕೆ ಏಣಿ ಹಾಕಬೇಕು, ಗೋಡೆ ಒಣಗಿರಬೇಕು, ಧೂಳು ಒರೆಸಬೇಕು. ಬಿಲ್ಲೋ ಚದರ ಅಡಿ ಲೆಕ್ಕದಲ್ಲಿ. ಸಂದಿಗೆ ಚದರ ಅಡಿ ಎಲ್ಲಿಂದ ಬರಬೇಕು?

ಗಾಜಿನ ವಿಷಯ ಇನ್ನೂ ಸ್ವಾರಸ್ಯ. ‘ಡಬಲ್ ಗ್ಲಾಸ್ ಸಾರ್’ ಎಂದು ತೋರಿಸುವುದು ಸಾಮಾನ್ಯವಾಗಿ 5-12-5: ಐದು ಮಿ.ಮೀ. ಗಾಜು, ಹನ್ನೆರಡು ಮಿ.ಮೀ. ಗಾಳಿ, ಮತ್ತೆ ಐದು ಮಿ.ಮೀ. ಗಾಜು. ಎರಡು ಗಾಜೂ ಒಂದೇ ತೂಕ, ನಡುವಿನ ಗಾಳಿ ಸ್ಪ್ರಿಂಗು. ಈ ಜೋಡಿ ಸುಮಾರು 220 ಹರ್ಟ್ಜ್ ಹತ್ತಿರ ತಾನೇ ತಾಳ ಹಾಕಿ ಕುಣಿಯುತ್ತದೆ. ವಿಮಾನದ ಗುಡುಗಿನಲ್ಲೂ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯ ಲಾರಿಯ ಗೊರಗೊರದಲ್ಲೂ ದಂಡಿಯಾಗಿ ಇರುವುದು ಅದೇ ಕೆಳಸ್ವರ. ನಡುವಿನ ಸಂದನ್ನು 100 ಮಿ.ಮೀ.ಗೆ ಏರಿಸಿದರೆ ಆ ಕುಣಿತ 76 ಹರ್ಟ್ಜ್‌ಗೆ ಇಳಿಯುತ್ತದೆ. ಎರಡು ಗಾಜಿನ ದಪ್ಪ ಬೇರೆ ಬೇರೆ ಇಟ್ಟು, ಒಂದನ್ನಾದರೂ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು) ಮಾಡಿಸಿದರೆ ಕೀರಲು ಸದ್ದೂ ತಗ್ಗುತ್ತದೆ. ಆದರೆ ಅದಕ್ಕೆ ದಪ್ಪ ಗೋಡೆ ಬೇಕು, ಎರಡನೇ ಫ್ರೇಮ್ ಬೇಕು. ಅದಕ್ಕಿಂತ ಅಂಗಡಿಯಲ್ಲಿ ಪೆಟ್ಟಿಗೆಯೊಳಗೆ ಮೊಬೈಲ್ ಹಾಡು ಹಾಕಿ, ಪುಟ್ಟ ಕಿಟಕಿ ಮುಚ್ಚಿ ‘ಕೇಳಿಸ್ತಾ ಅಮ್ಮಾ?’ ಅನ್ನುವುದು ಸಲೀಸು. ಕೇಳಿಸುವುದಿಲ್ಲ, ನಿಜ. ಮೊಬೈಲಿನ ಕಡಲೆಕಾಳಿನಂಥ ಸ್ಪೀಕರಿಗೆ ಗುಡುಗು ಹೊರಡಿಸುವ ತಾಕತ್ತು ಮೊದಲೇ ಇಲ್ಲ.

ಸ್ಲೈಡಿಂಗ್ ಕಿಟಕಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜಾರಬೇಕಾದ ಬಾಗಿಲು ಬಿಗಿಯಾಗಿ ಒತ್ತಲಾರದು, ಒತ್ತಿದರೆ ಜಾರದು. ನಡುವೆ ಇರುವುದು ಹಲ್ಲುಜ್ಜುವ ಬ್ರಷ್ಷಿನ ಸೋದರಸಂಬಂಧಿಯಂಥ ಒಂದು ಕೂದಲಿನ ಪಟ್ಟಿ. ರೆಕ್ಕೆಯ ಕಿಟಕಿಯಾದರೆ ರಬ್ಬರ್ ಗ್ಯಾಸ್ಕೆಟ್ಟನ್ನು ಒತ್ತಿ ಮುಚ್ಚುತ್ತದೆ. ಅದನ್ನೂ ಪರೀಕ್ಷಿಸಿ: ಹತ್ತು ರೂಪಾಯಿ ನೋಟನ್ನು ನಡುವೆ ಇಟ್ಟು ಮುಚ್ಚಿ ಎಳೆಯಿರಿ. ನೋಟು ಸಲೀಸಾಗಿ ಕೈಗೆ ಬಂದರೆ ಆ ಜಾಗದಲ್ಲಿ ಶಬ್ದವೂ ಸಲೀಸಾಗಿ ಒಳಗೆ ಬರುತ್ತದೆ. ಹೆಚ್ಚಾಗಿ ಸೋಲುವುದು ಮೂಲೆಗಳಲ್ಲಿ. ಗ್ಯಾಸ್ಕೆಟ್ ಕೂರಿಸುವಾಗ ಎಳೆದೆಳೆದು ಕೂರಿಸಿ ಕತ್ತರಿಸಿದರೆ ವರ್ಷದೊಳಗೆ ಅದು ತನ್ನ ಹಳೆಯ ಉದ್ದಕ್ಕೆ ಮರಳುತ್ತದೆ, ನಾಲ್ಕು ಮೂಲೆಯಲ್ಲೂ ಬಾಯಿ ಬಿಡುತ್ತದೆ.

ಇನ್ನು ಮಳೆ. ಫ್ರೇಮಿನ ಕೆಳಪಟ್ಟಿಯಲ್ಲಿ ಸಣ್ಣ ಉದ್ದನೆಯ ತೂತುಗಳಿರುತ್ತವೆ, ಒಳಗೆ ಸೇರಿದ ನೀರು ಹೊರಗೆ ಹೋಗಲಿ ಎಂದು. ‘ತೂತಿನಿಂದ ಸೌಂಡ್ ಬರುತ್ತೆ’ ಎಂದು ಯಾರೋ ಜಾಣರು ಅದಕ್ಕೂ ಸಿಲಿಕಾನ್ ತುಂಬುತ್ತಾರೆ. ತುಂಬದಿದ್ದರೆ ಕಡಜ ಮಣ್ಣು ತಂದು ತುಂಬುತ್ತದೆ, ಅದೂ ಬಿಟ್ಟಿಯಾಗಿ. ಆಷಾಢದ ಮಳೆ ಫ್ರೇಮಿನೊಳಗೆ ನಿಲ್ಲುತ್ತದೆ. ಗಾಜಿನ ಕೆಳಗೆ ಇಡಬೇಕಾದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಇಡದಿದ್ದರೆ ಜೋಡಿ ಗಾಜಿನ ಅಂಚು ತಿಂಗಳುಗಟ್ಟಲೆ ಆ ನೀರಿನಲ್ಲಿ ಕಾಲು ನೆನೆಸಿಕೊಂಡು ಕೂರುತ್ತದೆ. ಅಂಚಿನ ಅಂಟು ಬಿಡುತ್ತದೆ, ನಡುವಿನ ಪಟ್ಟಿಯೊಳಗಿನ ತೇವ ಹೀರುವ ಕಾಳುಗಳು ಹೊಟ್ಟೆ ತುಂಬಿಸಿಕೊಂಡು ಸುಮ್ಮನಾಗುತ್ತವೆ, ಎರಡು ಗಾಜಿನ ನಡುವೆ ಮಂಜು ಕಟ್ಟುತ್ತದೆ. ಒಳಗಿಂದ ಒರೆಸಿದರೂ ಹೋಗದು, ಹೊರಗಿಂದ ಒರೆಸಿದರೂ ಹೋಗದು. ಬಿಸಿಲೆ ಘಾಟಿಗೆ ಹೋಗಿ ನೋಡಬೇಕಾದ ಮಂಜು ಬೆಡ್‌ರೂಮಿನಲ್ಲೇ ಸಿಕ್ಕಿತಲ್ಲ, ಅದಕ್ಕೆ ಬೇರೆ ದರ ಹಾಕದಿದ್ದರೆ ಪುಣ್ಯ.

ಇದೆಲ್ಲ ಹಾಸನದ ಕೊರತೆ ಎಂದು ಕೀಳರಿಮೆ ಬೇಡ. ಅಮೆರಿಕದ ಸಿಯಾಟಲ್‌ನಲ್ಲಿ 1985ರಿಂದ ವಿಮಾನ ನಿಲ್ದಾಣದ ಸುತ್ತಲ 9,000ಕ್ಕೂ ಹೆಚ್ಚು ಮನೆಗಳಿಗೆ ಇಂಥ ಕಿಟಕಿ ಕೊಟ್ಟಿದ್ದಾರೆ. ಹಳೆಯವು ಮಂಜು ಕಟ್ಟಿ, ಬೂಷ್ಟು ಹಿಡಿದು ಕೂತಾಗ ಮಾಲೀಕರಿಗೆ ಎದುರಾದದ್ದು ‘ಒಂದು ಮನೆಗೆ ಒಂದೇ ಸಲ’ ಎಂಬ ಅನುದಾನದ ನಿಯಮ. ಚಿಕಾಗೊದ ಮಿಡ್‌ವೇ ನಿಲ್ದಾಣದ ಬಳಿ ಹಾಕಿಕೊಟ್ಟ ಕೆಲವು ಕಿಟಕಿಗಳು ಬಿಸಿಲಿಗೆ ಕಾದರೆ ಪ್ಲಾಸ್ಟಿಕ್ ಸುಟ್ಟಂಥ ನಾತ ಬಿಡುತ್ತಿದ್ದವು. ಕಿವಿ ಉಳಿಸಲು ಹೋಗಿ ಮೂಗಿಗೆ ಬಂತು. ಸ್ಯಾನ್ ಡಿಯಾಗೊದಲ್ಲಿ ಕಿಟಕಿ ಬೇಕಿದ್ದರೆ ಮನೆಯ ಮೇಲೆ ವಿಮಾನ ಹಾರಲು ಹಕ್ಕು ಬರೆದುಕೊಡಬೇಕು. ಕಿಟಕಿ ಕೆಡುತ್ತದೆ, ಪತ್ರ ಕೆಡುವುದಿಲ್ಲ.

ಅಲ್ಲಿಂದ ನಾವು ಕಲಿಯಬೇಕಾದ ವಿದ್ಯೆ ಸರಾಸರಿಯದ್ದು. ದಿನದ ಸರಾಸರಿ 65 ದಾಟಿದ ಮನೆಗೆ ಮಾತ್ರ ಅಲ್ಲಿ ಕಿಟಕಿ. 90 ಡೆಸಿಬಲ್ ಅಬ್ಬರದಲ್ಲಿ ಒಂದು ವಿಮಾನ ಅರ್ಧ ನಿಮಿಷ ತಲೆ ಮೇಲೆ ಹಾದುಹೋದರೆ, ಅದನ್ನು 24 ಗಂಟೆಗೆ ಹಂಚಿದಾಗ ಉಳಿಯುವುದು 55. ಹಗಲಲ್ಲಿ ಅಂಥವು ಹತ್ತು ಹಾದರೆ 65. ಒಂಬತ್ತು ಸಲ ಬೆಚ್ಚಿದ ಮಗು ಕಾಗದದಲ್ಲಿ ನೆಮ್ಮದಿಯಾಗಿ ಮಲಗಿರುತ್ತದೆ. ಸಕಲೇಶಪುರದ ಮಳೆಗೂ ಅರಸೀಕೆರೆಯ ಬಿಸಿಲಿಗೂ ಸರಾಸರಿ ಹಾಕಿದರೆ ನಮ್ಮ ಜಿಲ್ಲೆಯಲ್ಲೂ ಬರವೇ ಇಲ್ಲ.

ಹಂಚಿನ ಮನೆಯವರು ಅರ್ಜಿ ಹಾಕುವ ತೊಂದರೆ ತೆಗೆದುಕೊಳ್ಳಬೇಡಿ. ವಿಮಾನ ಬರುವುದು ಮೇಲಿಂದ, ಕಿಟಕಿ ಇರುವುದು ಪಕ್ಕದಲ್ಲಿ. ತಾರಸಿ ಮನೆಯವರು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಒಂಬತ್ತಿಂಚು ತೂತನ್ನು ಸಮೀಕ್ಷೆಯವರಿಗೆ ತೋರಿಸದಿರುವುದು ಒಳ್ಳೆಯದು. ಯೋಜನೆ ಮಂಜೂರಾಗುವುದು ಕಿಟಕಿಗೆ, ತೂತಿಗಲ್ಲ.

ಎಲ್ಲವನ್ನೂ ಸರಿಯಾಗಿಯೇ ಮಾಡಿದರು ಅನ್ನಿ. ಸಂದು ತುಂಬಿದರು, ನೋಟು ಜಾರಲಿಲ್ಲ, ಮಂಜು ಕಟ್ಟಲಿಲ್ಲ. ಏಪ್ರಿಲ್ ಬರುತ್ತದೆ. ಮುಚ್ಚಿದ ಕೋಣೆಗೆ ಗಾಳಿ ಬರುವ ಬೇರೆ ದಾರಿ ಅಂದಾಜುಪಟ್ಟಿಯಲ್ಲಿ ಇರಲಿಲ್ಲ, ಎಸಿಯಂತೂ ಇಲ್ಲವೇ ಇಲ್ಲ. ರಾತ್ರಿ ಹತ್ತಕ್ಕೆ ಕರೆಂಟ್ ಹೋಗಿ ಫ್ಯಾನ್ ನಿಂತರೆ ಅಜ್ಜಿ ಎದ್ದು ಕಿಟಕಿಯ ಒಂದು ರೆಕ್ಕೆ ತೆಗೆಯುತ್ತಾರೆ. ಅರ್ಧ ತೆರೆದ ಕಿಟಕಿ ಶಬ್ದ ಇಳಿಸುವುದು 3 ಡೆಸಿಬಲ್. ಕಿತ್ತು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ ಹಳೇ ಹಲಸಿನ ಮರದ ಕಿಟಕಿಯೂ ಅರ್ಧ ತೆರೆದರೆ ಅಷ್ಟೇ ಇಳಿಸುತ್ತಿತ್ತು, ಚದರ ಅಡಿ ಲೆಕ್ಕ ಕೇಳದೆ.