ದಡ್ಡರಿಗೆ ಆಟೋಮೊಬೈಲ್, ಜಾಣರಿಗೆ ಹಿಂದಿ

"ಸರ್, ಇವ್ರು ಓದೋದ್ರಾಗ ಸ್ವಲ್ಪ ಹಿಂದ ಅದಾರ್ರಿ, ಅದಕ್ಕ ಆಟೋಮೊಬೈಲ್‌ಗೆ ಹಾಕೇವಿ."

ನಿನ್ನೆ ಬೆಳಗಾವಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಒಬ್ಬ ಶಿಕ್ಷಕರು ಆ ಮಕ್ಕಳ ಎದುರಿಗೇ ನನಗೆ ಹೇಳಿದ ಮಾತಿದು. ಹತ್ತನೇ ತರಗತಿಯವರಿಗೆ ವೃತ್ತಿ ಮಾರ್ಗದರ್ಶನ ಮಾಡಿ ಹೋಗ್ರಿ ಅಂತ ಕರೆದಿದ್ದರು. ಮಾಡಿ ಬಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಅವರು ಕೆಟ್ಟವರಲ್ಲ, ಮಕ್ಕಳ ಮೇಲೆ ಜೀವ ಇಟ್ಟುಕೊಂಡವರೇ. ಅದಕ್ಕೇ ನನಗೆ ಸಂಕಟ ಇನ್ನೂ ಹೆಚ್ಚು. ಅಂಥವರ ಬಾಯಲ್ಲೇ ಈ ಮಾತು ಇಷ್ಟು ಸಲೀಸಾಗಿ ಬರುತ್ತದೆ ಅಂದರೆ ಉಳಿದ ಕಡೆ ಏನು ನಡೆಯುತ್ತಿರಬಹುದು?

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ರಾಜ್ಯದ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಯ ಬದಲು ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು) ಅಂತ ಕರೆಯುತ್ತಾರೆ. ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೋಮೊಬೈಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್, ಹೀಗೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಇದರ ಪಾಲೂ 100. ಅಂದರೆ ಪುರವಣಿ ವಿಷಯ ಅಲ್ಲ, ಪೂರ್ತಿ ಒಂದು ಪೇಪರ್. ಇಂಥ ವ್ಯವಸ್ಥೆ ನಾನು ಓದುವಾಗ ಇರಲಿಲ್ಲ. ಇದ್ದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಕೆಲಸಕ್ಕೆ ಬಂದ ಮೊದಲ ವರ್ಷ ಮೈಕ್ರೋಮೀಟರ್ ಹಿಡಿಯಲು ಬಾರದೆ ಫೋರ್‌ಮನ್ ಕಡೆ ಅಷ್ಟು ಬೈಸಿಕೊಳ್ಳುತ್ತಿರಲಿಲ್ಲ.

ಹೆಸರಿಗೆ ಆಯ್ಕೆ ವಿಷಯ. ಆಯ್ಕೆ ಮಾಡುವವರು ಮಾತ್ರ ಮಕ್ಕಳಲ್ಲ. ಎಂಟನೇ ತರಗತಿಯ ಅಂಕಪಟ್ಟಿ ಎದುರಿಗಿಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ಗೆರೆ ಎಳೆಯುತ್ತಾರೆ. ಗೆರೆಯ ಮೇಲಿನವರಿಗೆ ಹಿಂದಿ, ಕೆಳಗಿನವರಿಗೆ ವೃತ್ತಿ ವಿಷಯ. ಕೆಳಗಿನವರಲ್ಲಿ ಮತ್ತೆ ಒಂದು ಗೆರೆ: ಹುಡುಗರಿಗೆ ಆಟೋಮೊಬೈಲ್, ಹುಡುಗಿಯರಿಗೆ ಬ್ಯೂಟಿ. ನಿನ್ನೆ ಒಬ್ಬಳು ಎದ್ದು ನಿಂತು, "ಸರ್, ನನಗ ಗಾಡಿ ಕೆಲಸ ಕಲೀಬೇಕಂತ ಇತ್ರಿ, ಕೊಡಲಿಲ್ರಿ" ಅಂದಳು. ಹಿಂದಿನ ಬೆಂಚಿನವರು ನಕ್ಕರು. ಅವಳು ನಗಲಿಲ್ಲ. ಅವಳ ಅಪ್ಪನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಸ್ಪ್ಯಾನರ್ ಸೈಜು ನೋಡಿದ ಕೂಡಲೇ ಹೇಳುತ್ತಾಳೆ. ಅವಳಿಗೆ ಐಬ್ರೋ ಕಲಿಸುತ್ತಿದ್ದೇವೆ. ಐಬ್ರೋ ಕೆಲಸವೂ ಕೆಲಸವೇ, ಕಲಿತರೆ ಅದೂ ಹೊಟ್ಟೆ ತುಂಬಿಸುತ್ತದೆ. ಆದರೆ ಅವಳು ಕೇಳಿದ್ದು ಅದನ್ನಲ್ಲವಲ್ಲ.

ಈಗ ಆ "ಓದೋದ್ರಾಗ ಹಿಂದಿನವರ" ಕಥೆ ಕೇಳಿ. ಕಾರ್ಯಕ್ರಮ ಮುಗಿದ ಮೇಲೆ ಆಟೋಮೊಬೈಲ್ ಲ್ಯಾಬ್ ತೋರಿಸ್ರಿ ಅಂದೆ. ಕೀಲಿ ಹುಡುಕೋದಕ್ಕೇ ಹದಿನೈದು ನಿಮಿಷ ಹೋಯಿತು. ಒಳಗೆ ಬಿಚ್ಚಿಟ್ಟ ಒಂದು ಬೈಕ್ ಎಂಜಿನ್, ಟೂಲ್ ಬಾಕ್ಸ್, ಸೂಕ್ಷ್ಮ ಅಳತೆ ನೋಡುವ ಒಂದು ವರ್ನಿಯರ್. ಗಣಿತದಲ್ಲಿ ಪಾಸಾಗೋದೇ ಕಷ್ಟ ಅಂತ ಅವರು ತೋರಿಸಿದ ಹುಡುಗನ ಕೈಗೆ ಪಿಸ್ಟನ್ ಪಿನ್ನು ಕೊಟ್ಟು, ಅಳತಿ ನೋಡಪಾ ಅಂದೆ. ಪಿನ್ನನ್ನು ಅಂಗಿಯ ತುದಿಗೆ ಒರೆಸಿದ. ವರ್ನಿಯರ್ ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೋ ಇಲ್ಲವೋ ಮೊದಲು ನೋಡಿದ. ಇದನ್ನು ನಮ್ಮ ಕಾರ್ಖಾನೆಗೆ ಟ್ರೈನಿಗಳಾಗಿ ಬರುವ ಇಂಜಿನಿಯರುಗಳಿಗೂ ಹೇಳಿಕೊಡಬೇಕಾಗುತ್ತದೆ. ಆಮೇಲೆ ದವಡೆಗಳ ನಡುವೆ ಪಿನ್ನು ಹಿಡಿದು, ಸ್ಕ್ರೂ ಬಿಗಿಮಾಡಿ, ಬೆಳಕಿಗೆ ತಿರುಗಿಸಿ ಓದಿದ. "ಮೇನ್ ಸ್ಕೇಲ್ 12 ಮಿಲಿಮೀಟರ್ ರಿ. ಕೆಳಗ 49ನೇ ಗೆರಿ ಕೂಡೈತ್ರಿ. 49 ಗುಣಿಲೆ 0.02 ಅಂದ್ರ 0.98. ಒಟ್ಟ 12.98 ರಿ." ಒಂದು ಕ್ಷಣ ಸುಮ್ಮನಿದ್ದು ತಾನೇ ಮುಂದುವರಿಸಿದ: "ಹೊಸಾದು 13 ಇರ್ತೈತ್ರಿ ಸರ್. ಇದು ಸವದೈತಿ."

ಹೇಳಿ, ಈ ಹುಡುಗ ದಡ್ಡನೇ? ದಶಮಾಂಶದ ಗುಣಾಕಾರ ಬಾಯಲ್ಲೇ ಮಾಡಿದ. ಲೀಸ್ಟ್ ಕೌಂಟ್ (ಉಪಕರಣ ಅಳೆಯಬಲ್ಲ ಅತಿ ಚಿಕ್ಕ ಅಳತೆ, ಇಲ್ಲಿ ಆ 0.02) ಅಂದರೇನು ಅಂತ ಕೇಳಿದರೆ ವ್ಯಾಖ್ಯೆ ಬರೆಯಲಿಕ್ಕಿಲ್ಲ, ಅದನ್ನು ಬಳಸುವುದು ಮಾತ್ರ ಅವನಿಗೆ ಗೊತ್ತು. ಹೀಗಿದ್ದೂ ಹಿಂದಿನ ವಾರ ಅವನ ಆಟೋಮೊಬೈಲ್ ಪೀರಿಯಡನ್ನೇ ತೆಗೆದುಕೊಂಡು ಗಣಿತದ ಸ್ಪೆಷಲ್ ಕ್ಲಾಸ್ ಮಾಡಿದ್ದಾರೆ! ಅವನಿಗೆ ಗಣಿತ ಕಲಿಸುತ್ತಿದ್ದ ಪೀರಿಯಡ್ಡೇ ಅದಾಗಿತ್ತು. ಪಾಠ ಮಾಡುವ ತರಬೇತುದಾರ ಹೊರಗುತ್ತಿಗೆಯ ಹುಡುಗ, ಪೀರಿಯಡ್ ಕೊಡಲ್ಲ ಅನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

ಕೈಕೆಲಸ ಅಂದರೆ ತಲೆ ಇಲ್ಲದವರ ಕೆಲಸ ಅಂತ ತಿಳಿದವರು ಒಮ್ಮೆ ಉದ್ಯಮಬಾಗ, ಮಚ್ಛೆ ಕಡೆ ಬಂದು ಒಂದು ಫೌಂಡ್ರಿ ನೋಡಬೇಕು. ಮರಳಿನ ತೇವ ಸ್ವಲ್ಪ ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆ ಬೀಳುತ್ತದೆ, ಕಡಿಮೆಯಾದರೆ ಮೋಲ್ಡ್ ಉದುರುತ್ತದೆ. ಇದು ಭೌತಶಾಸ್ತ್ರ. ವಿಜಯಪುರದ ಟಿಕೋಟಾ ಕಡೆ ಹೋಗಿ. ಹಸಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ನೆರಳಿನ ಶೆಡ್ಡಿನಲ್ಲಿ ಒಣಗಿಸುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಬಿಡಿಸಿಕೊಂಡರೆ ನೀರು ಬೇಗ ಆರುತ್ತದೆ, ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ಇದು ರಸಾಯನಶಾಸ್ತ್ರ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ತೋಪು ತೆನೆ ಇದೆಯಲ್ಲ, ಅದರ ಲೆಕ್ಕ ತಪ್ಪಿದರೆ ಇಡೀ ಸೀರೆ ಹಾಳು. ನಮ್ಮ ಮೂರೂ ಜಿಲ್ಲೆಗಳು ಇಂಥ ವಿದ್ಯೆಯ ಮೇಲೆ ಉಣ್ಣುತ್ತಿವೆ. ಹೈಸ್ಕೂಲಿನ ಮಗುವಿಗೆ ಮಾತ್ರ ಅದು ಫೇಲಾದವರ ಪಾಲು ಅಂತ ಹೇಳಿಕೊಡುತ್ತಿದ್ದೇವೆ.

ಇದೇನು ಹೊಸ ವಿಚಾರವೂ ಅಲ್ಲ. 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ನಮ್ಮ ಬೆಳಗಾವಿ ಹತ್ತಿರದ ಹುದಲಿಗೆ ಬಂದಿದ್ದರು, ಗಾಂಧಿ ಸೇವಾ ಸಂಘದ ಸಭೆಗೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಕೈಕಸುಬಿನ ಮೂಲಕವೇ ಎಲ್ಲ ಮಕ್ಕಳಿಗೂ ಶಿಕ್ಷಣ ಅನ್ನುವ ನಯೀ ತಾಲೀಮನ್ನು ದೇಶದ ಮುಂದಿಟ್ಟರು. ಎಲ್ಲ ಮಕ್ಕಳಿಗೂ, ಗಮನಿಸಿ. 1964-66ರ ಕೊಠಾರಿ ಆಯೋಗವೂ ಶಾಲೆಯಲ್ಲಿ ಕೆಲಸದ ಅನುಭವ ಬೇಕು ಅಂದಿತು. ಪಿಯುಸಿ ಮಟ್ಟದಲ್ಲಿ ಜೆಓಸಿ (ಉದ್ಯೋಗಾಧಾರಿತ ಕೋರ್ಸು) ಅಂತ ನಡೆಸಿದರು, ಮುಚ್ಚಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂತ ಬರೆದುಕೊಂಡಿತು. ಕಾಗದದ ಮೇಲೆ ಯಾವತ್ತೂ ಕೊರತೆ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಳೆಯುವ ಆ ಗೆರೆ ಮಾತ್ರ ಹಾಗೇ ಉಳಿದಿದೆ.

ಇದನ್ನೆಲ್ಲ ನಿನ್ನೆ ಸಂಜೆಯೇ ಗೆಳೆಯನೊಬ್ಬನಿಗೆ ಹೇಳಿದೆ. ಅವನದು ನೇಕಾರರ ಮನೆತನ, ಬನಹಟ್ಟಿ. ಖಡಕ್ಕಾಗಿ ಕೇಳಿದ: "ಅಂದ್ರ ನೇಕಾರನ ಮಗ ಮಗ್ಗಕ್ಕ, ಕಮ್ಮಾರನ ಮಗ ಕುಲುಮಿಗೆ ಅಂತಿಯೇನಪಾ? ನಮ್ಮಪ್ಪ ಮಗ್ಗ ಬಿಡಿಸಬೇಕಂತನ ನನಗ ಸಾಲಿ ಕಲಿಸಿದ." ಈ ಮಾತಿನ ಹಿಂದಿನ ನೋವು ನನಗೆ ಗೊತ್ತು. ಆದರೆ ನಾನು ಹೇಳುತ್ತಿರುವುದು ಅದರ ತದ್ವಿರುದ್ಧ. ಬಡವರ ಮಕ್ಕಳನ್ನಷ್ಟೇ ಆರಿಸಿ ಕೈಕೆಲಸಕ್ಕೆ ಹಾಕುವ ಪದ್ಧತಿ ಈಗಾಗಲೇ ನಡೆಯುತ್ತಿದೆ, ಅಂಕಪಟ್ಟಿಯ ಹೆಸರಿನಲ್ಲಿ. ಅದನ್ನು ಒಡೆಯಬೇಕಾದರೆ ಡಾಕ್ಟರ ಮಗಳೂ ವರ್ನಿಯರ್ ಹಿಡಿಯಬೇಕು, ತರಗತಿಗೇ ಹೆಚ್ಚು ಅಂಕ ತೆಗೆದವನೂ ಎಂಜಿನ್ ಬಿಚ್ಚಬೇಕು. ಎಲ್ಲರೂ ಕಲಿತರೆ ಅದು ಯಾರ ಜಾತಿಯ ಕಸುಬೂ ಆಗಿ ಉಳಿಯುವುದಿಲ್ಲ.

ಇನ್ನು ವೃತ್ತಿ ವಿಷಯ ತಗೊಂಡರೆ ಮುಂದಿನ ದಾರಿ ಬಂದ್ ಅನ್ನುವವರಿಗೆ ಏನು ಹೇಳಲಿ? ನಿನ್ನೆ ಆ ಮಕ್ಕಳಿಗೂ ತಿಳಿದಿದ್ದು ಸೈನ್ಸ್, ಕಾಮರ್ಸ್, ಆರ್ಟ್ಸ್ ಮೂರೇ. ಬೋರ್ಡಿನ ಮೇಲೆ ದಾರಿಗಳನ್ನು ಬರೆದು ತೋರಿಸಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ: ವೆಲ್ಡರ್ 1 ವರ್ಷ, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ 2 ವರ್ಷ. ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶಕ್ಕೆ ಅವಕಾಶ ಇದೆ. ಇಲ್ಲವೇ ಎಸ್ಸೆಸ್ಸೆಲ್ಸಿ ಮೇಲೆ ನೇರವಾಗಿ 3 ವರ್ಷದ ಡಿಪ್ಲೊಮಾ. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷಕ್ಕೆ ಸೀಟು. ನಮ್ಮ ಬೆಳಗಾವಿಯಲ್ಲೇ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ 3 ವರ್ಷ ಓದು, 1 ವರ್ಷ ಕಾರ್ಖಾನೆ ತರಬೇತಿ. ಅಲ್ಲಿ ಕಲಿತ ಹುಡುಗರಿಗಾಗಿ ನಮ್ಮ ಕಡೆ ಮಾಲೀಕರು ಕಾಯುತ್ತಾರೆ. ಇಷ್ಟು ಬರೆದಾಗ ಮಕ್ಕಳು ಪುಸ್ತಕ ತೆಗೆದು ಬರೆದುಕೊಂಡರು. ಹಿಂದೆ ನಿಂತಿದ್ದ ಇಬ್ಬರು ಮೇಷ್ಟ್ರೂ ಮೊಬೈಲಿನಲ್ಲಿ ಬೋರ್ಡಿನ ಫೋಟೊ ಹೊಡೆದುಕೊಂಡರು. ಇದನ್ನು ಎಂಟನೇ ತರಗತಿಯಲ್ಲಿ, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಹೇಳಬೇಕು. ಹತ್ತನೆಯ ಪರೀಕ್ಷೆ ಬಾಗಿಲಿಗೆ ಬಂದಾಗ ಒಂದು ತಾಸಿನ ಭಾಷಣ ಮಾಡಿಸಿದರೆ ಯಾವ ಆಯ್ಕೆ ಉಳಿದಿರುತ್ತದೆ?

ನನ್ನ ಲಿಸ್ಟಿನಲ್ಲಿರುವ ಶಿಕ್ಷಕ ಗೆಳೆಯರಿಗೆ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಇರುವವರಿಗೆ ಕೈಮುಗಿದು ಕೇಳುತ್ತೇನೆ. ಜೂನ್‌ನಲ್ಲಿ ಒಂಬತ್ತಕ್ಕೆ ಬರುವ ಮಕ್ಕಳಿಗೆ ವಿಷಯ ಹಂಚುವ ಮೊದಲು ಅಂಕಪಟ್ಟಿ ಪಕ್ಕಕ್ಕಿಡಿ, ಮಗುವನ್ನು ಕೇಳಿ. ಹುಡುಗಿ ಆಟೋಮೊಬೈಲ್ ಕೇಳಿದರೆ ಕೊಡಿ. ವೃತ್ತಿ ವಿಷಯದ ಪೀರಿಯಡ್ ಬೇರೆಯದಕ್ಕೆ ಕಸಿಯಬೇಡಿ. ಲ್ಯಾಬಿನ ಕೀಲಿ ಆ ತರಬೇತುದಾರನ ಕೈಯಲ್ಲೇ ಇರಲಿ.

ನಮ್ಮ ಮಾಲೀಕರ ಹತ್ತಿರ ಇವತ್ತು ಮುಂಜಾನೆಯೇ ಮಾತಾಡಿದ್ದೇನೆ. ಶನಿವಾರ ಮಧ್ಯಾಹ್ನದ ಹೊತ್ತು ಇಪ್ಪತ್ತು ಮಕ್ಕಳ ತಂಡ ಬಂದರೆ ಮಷಿನ್ ಶಾಪ್ ತೋರಿಸಲು, ಅಳತೆ ಹಿಡಿಸಲು ಒಪ್ಪಿದ್ದಾರೆ. ಯಾವ ವಿಷಯದವರಾದರೂ ಸರಿ, ಹಿಂದಿ ತಗೊಂಡವರೂ ಬರಲಿ, ಪ್ರೈವೇಟ್ ಸಾಲಿಯವರೂ ಬರಲಿ. ಕಾಲಿಗೆ ಬೂಟು ಬೇಕು, ಚಪ್ಪಲಿ ನಡೆಯೋದಿಲ್ಲ. ದುಪಟ್ಟಾ ಇದ್ದರೆ ಪಿನ್ ಮಾಡಿರಬೇಕು, ಜಡೆ ಕಟ್ಟಿರಬೇಕು. ಜೊತೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ಕರೆತರುವವರು ಮೆಸೆಂಜರ್‌ನಲ್ಲಿ ತಿಳಿಸಿ, ದಿನ ಗೊತ್ತು ಮಾಡೋಣ.