ದವಡೆಯೊಳಗೆ ಯಾವ ಕಂಪನಿ ಇಂಪ್ಲಾಂಟ್ ಇದೆ ಅಂತ ಬರೆದುಕೊಡೋಕೆ ಏನು ಕಷ್ಟ?

"ಯಾವ ಕಂಪನಿ ಇಂಪ್ಲಾಂಟ್ ಹಾಕಿಸ್ಕೊಂಡಿದ್ದೀರಿ?" ಅಂತ ಎರಡನೇ ಹಲ್ಲಿನ ಡಾಕ್ಟ್ರು ಕೇಳಿದಾಗ, ಹೋದ ಹಲ್ಲಿನ ಜಾಗಕ್ಕೆ ದವಡೆ ಮೂಳೇಲಿ ಕೃತಕ ಬೇರು, ಅಂದ್ರೆ ಇಂಪ್ಲಾಂಟ್, ಹಾಕಿಸ್ಕೊಂಡ ಎಷ್ಟೋ ಜನ ಬೆಂಗಳೂರಲ್ಲಿ ಮುಖ ಮುಖ ನೋಡ್ತಾರೆ. ಬಿಲ್ ತೆಗೆದು ನೋಡಿದ್ರೆ "ಇಂಪ್ಲಾಂಟ್ 1" ಅಂತಷ್ಟೇ ಇರುತ್ತೆ. ಮಿಕ್ಸಿ ಕೊಂಡ್ರೂ ಮಾಡೆಲ್ ನಂಬರ್ ಬರೆದು ಸೀಲ್ ಹಾಕಿ ಕೊಡ್ತಾರಲ್ಲ ಸ್ವಾಮಿ! ಸಾವಿರಾರು ರೂಪಾಯಿ ಎಣಿಸಿಕೊಂಡು ಮೂಳೆ ಕೊರೆದವರಿಗೆ ಒಂದು ಚೀಟಿ ಕೊಡೋಕಾಗಲ್ವಾ?

ಇಂಪ್ಲಾಂಟ್ ಪ್ಯಾಕಲ್ಲೇ ಕಿತ್ತು ಅಂಟಿಸೋ ಸ್ಟಿಕ್ಕರ್ ಬರುತ್ತೆ. ಕಂಪನಿ, ರೆಫ್ ನಂಬರ್ (ಮಾಡೆಲ್ ನಂಬರ್), ಲಾಟ್ ನಂಬರ್ (ತಯಾರಾದ ಬ್ಯಾಚ್), ಅಳತೆ ಎಲ್ಲ ಅದರಲ್ಲಿದೆ. 4.2 x 10 ಅಂದ್ರೆ 4.2 ಮಿ.ಮೀ. ದಪ್ಪ, 10 ಮಿ.ಮೀ. ಉದ್ದ. ಒಂದು ಫೈಲಿಗೆ, ಒಂದು ಪೇಷಂಟ್ ಕೈಗೆ. ಹತ್ತು ಸೆಕೆಂಡಿನ ಕೆಲಸ.

ಮೂಳೆಯೊಳಗೆ ಬೇರಿನ ಹಾಗೆ ಕೂರೋ ಟೈಟೇನಿಯಂ ಫಿಕ್ಸ್ಚರ್, ಅದರ ಮೇಲೆ ಕ್ಯಾಪ್ ಹೊರೋ ತುಂಡು ಅಬಟ್‌ಮೆಂಟ್, ಎರಡನ್ನೂ ಹಿಡಿದಿಡೋಕೆ ಸುಮಾರು 2 ಮಿ.ಮೀ. ದಪ್ಪದ ಪುಟ್ಟ ಸ್ಕ್ರೂ, ಮೇಲೆ ಹಲ್ಲಿನ ಆಕಾರದ ಕ್ಯಾಪ್. ಮೂಳೆ ಚೆನ್ನಾಗಿ ಬೆಸೆದುಕೊಂಡಿದ್ರೂ ಆ ಸ್ಕ್ರೂ ಸಡಿಲ ಆಗಬಹುದು. ಕಂಪನಿ ಹೇಳಿದ ಟಾರ್ಕ್ (ತಿರುಗಿಸೋ ಬಲ), ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್, ಬಲ ಅಳೆಯೋ ರ್ಯಾಚೆಟ್‌ನಲ್ಲೇ ಕೊಡಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಯಾಕಂದ್ರೆ ಹೊಸ ಥ್ರೆಡ್ಡಿನ ಸಣ್ಣ ಉಬ್ಬುತಗ್ಗು ಒತ್ತಿಕೊಂಡು ಮೊದಲಿನ ಬಿಗಿ ಇಳಿದುಹೋಗುತ್ತೆ. ಆತುರಕ್ಕೆ ಕೈಯಲ್ಲೇ ತಿರುಗಿಸಿ ಬಿಟ್ರೆ, ಅಥವಾ ನಿದ್ದೇಲಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ, ಒಂದಿನ ನಿಪ್ಪಟ್ಟು ಕಡಿಯುವಾಗ ಕ್ಯಾಪ್ ಒಂಚೂರು ವಾಲುತ್ತೆ. ನಾಲಿಗೆಯಲ್ಲಿ ತಳ್ಳಿದ್ರೆ ಅಲ್ಲಾಡೋದು ಗೊತ್ತಾಗುತ್ತೆ.

ಅಷ್ಟೊತ್ತಿಗೆ ಕ್ಲಿನಿಕ್ ಬೋರ್ಡ್ ಬದಲಾಗಿರುತ್ತೆ. ಇಂಪ್ಲಾಂಟ್ ಹಾಕಿದವರು ವಾರಕ್ಕೊಂದಿನ ಬರೋ ವಿಸಿಟಿಂಗ್ ಡಾಕ್ಟ್ರು, ಈಗ ಎಲ್ಲಿದ್ದಾರೋ ರಿಸೆಪ್ಷನ್‌ಗೂ ಗೊತ್ತಿಲ್ಲ. ಹೊಸ ಡಾಕ್ಟ್ರು ಎಕ್ಸ್‌ರೇ ನೋಡಿ ಅಂದಾಜು ಮಾಡಬೇಕು, ಆದ್ರೆ ಒಂದರ ಹಾಗೇ ಇನ್ನೊಂದು ಕಾಣೋ ಹತ್ತಾರು ಬ್ರ್ಯಾಂಡ್ ಇವೆ. ಸ್ಕ್ರೂ ತಿರುಗಿಸೋ ಡ್ರೈವರ್ ಕೂಡ ಎಲ್ಲದಕ್ಕೂ ಒಂದೇ ಅಲ್ಲ. 1.25 ಮಿ.ಮೀ. ಹೆಕ್ಸ್ (ಆರು ಮೂಲೆಯ ಗುಳಿ) ಇರೋ ಸ್ಕ್ರೂಗೆ 1.2ರ ಡ್ರೈವರ್ ಹಾಕಿ ಬಲವಾಗಿ ತಿರುಗಿಸಿದ್ರೆ ಒಳಗಿನ ಆರು ಮೂಲೆ ಸವೆದು ದುಂಡಗಾಗುತ್ತೆ. ಆಮೇಲೆ ಸ್ಕ್ರೂ ಈಚೆ ಬರೋದು ಹರಸಾಹಸ. ಕ್ಯಾಪ್ ಸಿಮೆಂಟಲ್ಲಿ ಅಂಟಿಸಿದ್ರಂತೂ ಸ್ಕ್ರೂ ಎಲ್ಲಿದೆ ಅಂತ ಹುಡುಕೋಕೆ ಚೆನ್ನಾಗಿರೋ ಜಿರ್ಕೋನಿಯಾ ಕ್ಯಾಪನ್ನೇ ಕೊರೀಬೇಕು. ಸ್ಕ್ರೂ ಒಳಗೇ ಮುರಿದು ತೆಗೆಯೋಕಾಗದೆ ಹೋದ್ರೆ, ಗಟ್ಟಿಯಾಗಿ ಕೂತ ಫಿಕ್ಸ್ಚರನ್ನೇ ಸುತ್ತಲಿನ ಮೂಳೆ ಸಮೇತ ಕೊರೆದು ತೆಗೆಯೋ ಸ್ಥಿತಿ ಬರುತ್ತೆ. ಒಂದು ಸ್ಟಿಕ್ಕರ್ ಕೊಟ್ಟಿದ್ರೆ ಸರಿಯಾದ ಡ್ರೈವರ್ ತರಿಸಿ, ಹೊಸ ಸ್ಕ್ರೂ ಹಾಕಿ, ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಯೋ ಕೆಲಸ ಇದು! ಹೊಟ್ಟೆ ಉರಿಯೋದು ಅದಕ್ಕೇ.

ಹಾಕಿಸಿಕೊಳ್ಳೋರು ದಯವಿಟ್ಟು ಸಂಕೋಚ ಪಡಬೇಡಿ. ಫಿಕ್ಸ್ಚರ್ ಹಾಕಿದ ದಿನವೇ ಸ್ಟಿಕ್ಕರ್ ಕೇಳಿ, ಫೋಟೋ ತೆಗೆದು ಮನೆಯವರಿಗೂ ಕಳಿಸಿ. ಕ್ಯಾಪ್ ಕೂರಿಸಿದ ದಿನ ಅಬಟ್‌ಮೆಂಟ್ ನಂಬರ್, ಕೊಟ್ಟ ಟಾರ್ಕ್, ಸ್ಕ್ರೂ ಕ್ಯಾಪಾ ಸಿಮೆಂಟ್ ಕ್ಯಾಪಾ ಅನ್ನೋದನ್ನ ಬರೆಸಿಕೊಂಡೇ ಕೊನೆ ಕಂತು ಕಟ್ಟಿ. "ಎಲ್ಲಾ ನಮ್ಮ ಫೈಲಲ್ಲಿದೆ" ಅಂದ್ರೆ ಆ ಫೈಲ್ ಅಲ್ಲೇ ತೆಗೆಸಿ ನೋಡಿ.