ಅಸಲಿ ಆನೆ, ನಕಲಿ ಬಕ್ಷಿ

ಹಾಲಿವುಡ್‌ನವರಿಗೆ ಬೇರೆ ದೇಶದವರನ್ನು ಕಂಡರೆ ಆಗುತ್ತಿರಲಿಲ್ಲ ಅಂತ ಯಾರು ಹೇಳಿದ್ದು? ಅವರ ಹಳೇ ಕಾಮಿಡಿ ಸಿನಿಮಾಗಳನ್ನು ನೋಡಿ. ಜಪಾನಿನವನಿದ್ದಾನೆ, ಒಕಿನಾವಾದವನಿದ್ದಾನೆ, ನಮ್ಮವನೂ ಒಬ್ಬ ಇದ್ದಾನೆ. ಎಲ್ಲರೂ ಬಂದಿದ್ದು ಮಾತ್ರ ಒಂದೇ ಊರಿಂದ. ಮೇಕಪ್ ಡಬ್ಬಿಯಿಂದ.

1956ರ 'ದಿ ಟೀಹೌಸ್ ಆಫ್ ದಿ ಆಗಸ್ಟ್ ಮೂನ್'ಗೆ ಜಪಾನಿನಿಂದ ಮಾಚಿಕೊ ಕ್ಯೋ ಅವರನ್ನೇ ಕರೆಸಿದರು. ಒಳ್ಳೇದಾಯ್ತು. ಆದರೆ ಅದೇ ಚಿತ್ರದ ಒಕಿನಾವಾದ ದುಭಾಷಿ ಯಾರು ಗೊತ್ತಾ? ಕಪ್ಪು ವಿಗ್ ಹಾಕಿಕೊಂಡ ಮಾರ್ಲನ್ ಬ್ರಾಂಡೊ!

1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್'ನಲ್ಲಿ ಮಿಕ್ಕಿ ರೂನಿ ಉಬ್ಬುಹಲ್ಲು ಕಟ್ಟಿಸಿಕೊಂಡು ಯೂನಿಯೋಷಿ ಅನ್ನೋ ಜಪಾನಿ ಆದರು. ಕಾಗದದ ತೂಗುದೀಪಕ್ಕೆ ತಲೆ ಹೊಡೆಸಿಕೊಂಡು ಕಿರುಚುವುದೇ ಕೆಲಸ. ಪಾಪ, ಜಪಾನಿ ಮೂಲದ ನಟ ಸಿಗಲಿಲ್ಲವೇನೋ. 1942ರಲ್ಲಿ, ಯುದ್ಧದ ಹೊತ್ತಲ್ಲಿ ಜಪಾನಿ ಮೂಲದವರನ್ನು ಹಿಡಿದು ಬಂಧನದ ಕ್ಯಾಂಪಿಗೆ ತುಂಬುವಾಗ ಮಾತ್ರ ಅಮೆರಿಕ ಸರ್ಕಾರಕ್ಕೆ ಪಶ್ಚಿಮ ಕರಾವಳಿಯಲ್ಲಿ ಸುಮಾರು 1,20,000 ಜನ ಸಿಕ್ಕಿದ್ದರು.

ಹಾಗಂತ ಕಟ್ಟುಪಾಡು ಇರಲಿಲ್ಲ ಅನ್ನಬೇಡಿ. 1930ರಲ್ಲೇ ಸ್ಟುಡಿಯೋದವರೆಲ್ಲ ಸೇರಿ ಒಂದು ಮಡಿ-ಮೈಲಿಗೆ ಪಟ್ಟಿ ಮಾಡಿಕೊಂಡಿದ್ದರು. ಬಿಳಿಯರಿಗೂ ಕಪ್ಪು ಜನರಿಗೂ ಸಂಬಂಧ ತೋರಿಸಕೂಡದು. ಬೇರೆ ದೇಶದ ಜನರನ್ನು ನ್ಯಾಯವಾಗಿ ತೋರಿಸಬೇಕು. ಎರಡೂ ಒಂದೇ ಪಟ್ಟಿಯಲ್ಲಿ! ಕಪ್ಪು ಕಲಾವಿದೆಯರಿಗೆ ಬಣ್ಣದ ಖರ್ಚೂ ಇರಲಿಲ್ಲ, ಒಂದು ಏಪ್ರನ್ ಸಾಕು. ಮನೆಗೆಲಸದವಳ ಪಾತ್ರಕ್ಕೆ ಆಸ್ಕರ್ ಗೆದ್ದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ 1940ರ ಸಮಾರಂಭದಲ್ಲಿ ಬೇರೆ ಪಂಕ್ತಿ. ಗೋಡೆ ಪಕ್ಕದ ಸಣ್ಣ ಟೇಬಲ್ಲು.

ಅಸಲಿ ಭಾರತೀಯ ಸಿಗಲಿಲ್ಲ ಅನ್ನೋಕಂತೂ ಆಗಲ್ಲ. ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು ಅಲ್ಲೇ ಇದ್ದ. 1937ರ ಬ್ರಿಟಿಷ್ ಸಿನಿಮಾ 'ಎಲಿಫೆಂಟ್ ಬಾಯ್'ನಲ್ಲಿ ಹೆಸರು ಮಾಡಿ ಅಮೆರಿಕಕ್ಕೆ ಹೋದ, ಅಲ್ಲಿನ ಪ್ರಜೆಯಾದ, ಯುದ್ಧದಲ್ಲಿ ಅವರ ವಿಮಾನದ ಹಿಂಬದಿ ಕೂತು ಬಂದೂಕನ್ನೂ ಹಿಡಿದ. ಸಿನಿಮಾದವರು ಕೊಟ್ಟಿದ್ದು ಹೆಚ್ಚಾಗಿ ಕಾಡು, ಪ್ರಾಣಿ, ಪೇಟ. 1963ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ.

ಐದು ವರ್ಷ ಕಳೆದು 'ದಿ ಪಾರ್ಟಿ' ಬಂತು. ಸೂಟು ಹಾಕಿಕೊಂಡು ಹಾಲಿವುಡ್ ದೊಡ್ಡಮನುಷ್ಯರ ಮನೆಗೆ ಹೋಗುವ ಭಾರತೀಯ! ಹೃಂಡಿ ವಿ. ಬಕ್ಷಿ. ಹೃಂಡಿ ಅನ್ನೋ ಹೆಸರು ಯಾವ ಪಂಚಾಂಗದಲ್ಲಿ ಸಿಕ್ಕಿತೋ. ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬಂದವರು ಇಂಗ್ಲೆಂಡಿನ ಪೀಟರ್ ಸೆಲ್ಲರ್ಸ್. ನಗು ಬರಲ್ಲ ಅಂತ ಸುಳ್ಳು ಹೇಳಲಾರೆ. ಮನೆಯೊಳಗಿನ ನೀರಿಗೆ ಬಿದ್ದ ಬೂಟಿನ ಹಿಂದೆ ಆತ ಪೇಚಾಡುವಾಗ ನಾನೂ ಹೊಟ್ಟೆ ಹಿಡಿದು ನಕ್ಕಿದ್ದೇನೆ.

ಆಮೇಲೆ ಆ ಪಾರ್ಟಿಗೆ ಹುಡುಗರು ಒಂದು ಮರಿ ಆನೆಯನ್ನು ಕರೆತರುತ್ತಾರೆ. ಭಾರತೀಯ ಬಂದಮೇಲೆ ಆನೆ ಬರದಿದ್ದರೆ ಹೇಗೆ, ಅಲ್ವಾ? ಈ ಸಲ ಆನೆ ಅಸಲಿ, ಭಾರತೀಯ ನಕಲಿ. ಆನೆಯ ಮೈತುಂಬ ಹುಡುಗರು ಬಣ್ಣ ಬಳಿದಿರುತ್ತಾರೆ. ಬಕ್ಷಿಗೆ ತಡೆಯಲಾರದ ನೋವು. ಹೀಗೆ ಬಣ್ಣ ಬಳಿಯುವುದು ಆನೆಗೆ ಅವಮಾನ, ಮೊದಲು ತೊಳೀರಿ ಅನ್ನುತ್ತಾನೆ.

ಸರಿ, ತೊಳೆಯುತ್ತಾರೆ. ಸೋಪಿನ ನೊರೆ ಉಕ್ಕಿ ಮನೆಯೆಲ್ಲ ತುಂಬಿಕೊಳ್ಳುತ್ತದೆ. ಅಷ್ಟು ನೊರೆಯಲ್ಲೂ ಸೆಲ್ಲರ್ಸ್ ಮುಖದ ಬಣ್ಣ ಮಾತ್ರ ಬಿಡಲಿಲ್ಲ. ಒಳ್ಳೆ ಕಂಪನಿಯ ಮಾಲಿರಬೇಕು.